ನೀವು ಕೇಳಿದ್ದೀರಿ: ಯೂಟಾದ ಮಾರ್ಮನ್ನರ ಬಗ್ಗೆ

ಮಕ್ಕಳು ವಿದೇಶಕ್ಕೆ ಹೋಗುವ ವಿಷಯಕ್ಕೆ ಕಳೆದ ಸಂಚಿಕೆಯಲ್ಲಿ ಉತ್ತರ ಬರೆಯುವಾಗ, ನಾನು ಅಮೆರಿಕದ ಯೂಟಾ ರಾಜ್ಯದ ಸ್ಯಾಂಡಿ ಎಂಬ ಊರಿನಲ್ಲಿ ಹಲವು ವರ್ಷ ಇದ್ದೆ ಅಂತ ಒಂದು ಸಾಲು ಸೇರಿಸಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯ: ಮಾರ್ಮನ್ನರು, ಅಂದರೆ ಅಮೆರಿಕದಲ್ಲಿ ಹುಟ್ಟಿ ಯೂಟಾದಲ್ಲಿ ನೆಲೆಯೂರಿದ, ಯೇಸುವನ್ನು ನಂಬುವ ಒಂದು ಮತದ ಜನ. ಆ ಜನರ ನಡುವೆ ನಾನು ಸಂಸಾರ ಮಾಡಿದ್ದೇನೆ. ಅವರ ಒಳ್ಳೆಯದನ್ನೂ ನೋಡಿದ್ದೇನೆ, ಅವರ ಚರಿತ್ರೆಯಲ್ಲಿ ಮನಸ್ಸಿಗೆ ನೋವಾಗುವ ಪುಟಗಳನ್ನೂ ಓದಿದ್ದೇನೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅವರಿಗೆ.

ಮಗಳಿಗೆ ಸಾಲ್ಟ್ ಲೇಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಮಾರ್ಮನ್ ಜನ ಜಾಸ್ತಿಯಂತೆ, ಒಬ್ಬೊಬ್ಬ ಗಂಡಸಿಗೆ ನಾಲ್ಕೈದು ಹೆಂಡತಿಯರಂತೆ. ಕಳಿಸಲು ಭಯ. ಇದು ನಿಜವೇ?
— ತಾಯಿಯೊಬ್ಬರು, ದಾವಣಗೆರೆ

ಧೈರ್ಯವಾಗಿ ಕಳಿಸಿ. ಈಗ ಆ ಚರ್ಚಿನಲ್ಲಿ ಯಾರಾದರೂ ಎರಡನೇ ಹೆಂಡತಿಯನ್ನು ಕಟ್ಟಿಕೊಂಡರೆ ಅವರನ್ನು ಹೊರಗೆ ಹಾಕುತ್ತಾರೆ. ಇದು ಇವತ್ತು ನಿನ್ನೆಯ ನಿಯಮವಲ್ಲ. 1890ರಲ್ಲಿ ಅವರ ಅಧ್ಯಕ್ಷ ವಿಲ್ಫರ್ಡ್ ವುಡ್‌ರಫ್ ಬಹುಪತ್ನಿತ್ವ ನಿಲ್ಲಿಸುವ ಪ್ರಕಟಣೆ ಹೊರಡಿಸಿದರು. ಅದಾದ ಮೇಲೂ ಕೆಲವರು ಗುಟ್ಟಾಗಿ ಮುಂದುವರಿಸಿದ್ದರಿಂದ 1904ರಲ್ಲಿ ಇನ್ನೂ ಬಿಗಿಯಾದ ಎರಡನೇ ಪ್ರಕಟಣೆ ಬಂತು.

ಆದರೆ ಹಿಂದೆ ಇತ್ತೇ ಅಂದರೆ, ಇತ್ತು. ಮತದ ಸ್ಥಾಪಕ ಜೋಸೆಫ್ ಸ್ಮಿತ್ ತಾನೇ ಗುಟ್ಟಾಗಿ ಶುರು ಮಾಡಿದ. ಅವನಿಗೆ 30ರಿಂದ 40 ಹೆಂಡತಿಯರಿದ್ದರು ಎಂದೂ, ಅವರಲ್ಲಿ ಒಬ್ಬಳಿಗೆ ಇನ್ನೂ 15 ತುಂಬಿರಲಿಲ್ಲ ಎಂದೂ ಚರ್ಚೇ 2014ರಲ್ಲಿ ಒಪ್ಪಿಕೊಂಡು ಬರೆಯಿತು. ನನ್ನ ಪರಿಚಯದ ಎಷ್ಟೋ ಹೆಂಗಸರಿಗೆ ಅದನ್ನು ಓದಿ ನಿದ್ದೆ ಬರಲಿಲ್ಲ. ಸ್ಮಿತ್‌ನ ಮೊದಲ ಹೆಂಡತಿ ಎಮ್ಮಾ ಇದನ್ನು ಕೊನೆಯವರೆಗೂ ಸಹಿಸಲಿಲ್ಲ. ಗಂಡ ಸತ್ತ ಮೇಲೆ ಬಹುಪಾಲು ಮಾರ್ಮನ್ನರು ಪಶ್ಚಿಮದ ಯೂಟಾ ಕಡೆಗೆ ಹೊರಟರೂ ಆಕೆ ಹೋಗಲಿಲ್ಲ. ಎಮ್ಮಾಳ ಬಗ್ಗೆ ನನಗೆ ತುಂಬಾ ಗೌರವ.

1852ರಲ್ಲಿ ಯೂಟಾದಲ್ಲಿ ಇದನ್ನು ಬಹಿರಂಗವಾಗಿ ಸಾರಿದರು. ಅದು ಅತಿ ಹೆಚ್ಚಿದ್ದ ಕಾಲದಲ್ಲೂ ಬಹುಪಾಲು ಮನೆಗಳಲ್ಲಿ ಒಬ್ಬಳೇ ಹೆಂಡತಿ ಇದ್ದಳು. ಅಮೆರಿಕದ ಸರ್ಕಾರ ಕಾನೂನಿನ ಮೇಲೆ ಕಾನೂನು ತಂದಿತು, ಸಾವಿರಕ್ಕೂ ಹೆಚ್ಚು ಗಂಡಸರನ್ನು ಜೈಲಿಗೆ ಹಾಕಿತು, 1887ರ ಕಾಯ್ದೆಯಿಂದ ಚರ್ಚಿನ ಆಸ್ತಿಯನ್ನೇ ಮುಟ್ಟುಗೋಲು ಹಾಕಿಕೊಂಡಿತು. ಜಾರ್ಜ್ ರೆನಾಲ್ಡ್ಸ್ ಎಂಬುವನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1879ರಲ್ಲಿ ತೀರ್ಪು ಬಂತು. ನಂಬಿಕೆಗೆ ಸ್ವಾತಂತ್ರ್ಯ ಇದೆ, ಆದರೆ ನಂಬಿಕೆಯ ಹೆಸರಲ್ಲಿ ಏನು ಬೇಕಾದರೂ ಮಾಡುವಂತಿಲ್ಲ ಎಂದಿತು ಕೋರ್ಟು. ಅದಕ್ಕೆ ಕೊಟ್ಟ ಉದಾಹರಣೆ ಯಾವುದು ಗೊತ್ತೇ? ಗಂಡನ ಚಿತೆ ಏರುವುದು ತನ್ನ ಧರ್ಮ ಎಂದು ಹೆಂಡತಿಯೊಬ್ಬಳು ನಂಬಿದರೆ ಸರ್ಕಾರ ತಡೆಯಬಾರದೇ, ಎಂದು ಕೇಳಿತು. ನಮ್ಮ ಕಡೆಯ ಸತಿ ಪದ್ಧತಿ ಅಷ್ಟು ದೂರದ ಕೋರ್ಟಿನ ವಾದಕ್ಕೆ ಒದಗಿತ್ತು.

ಬಹುಪತ್ನಿತ್ವವನ್ನು ಇಂದಿಗೂ ಬಿಡದ ಸಣ್ಣ ಒಡಕು ಗುಂಪುಗಳಿವೆ. ಯೂಟಾ ಮತ್ತು ಅರಿಜೋನಾ ಗಡಿಯ ಹಿಲ್ಡೇಲ್, ಕೊಲೊರಾಡೊ ಸಿಟಿ ಬಹುಕಾಲ ಅಂಥ ಗುಂಪೊಂದರ ಹಿಡಿತದಲ್ಲಿದ್ದ ಊರುಗಳು. ಅದರ ಮುಖಂಡ ವಾರನ್ ಜೆಫ್ಸ್‌ಗೆ ಬಾಲಕಿಯರ ಮೇಲಿನ ಅತ್ಯಾಚಾರಕ್ಕಾಗಿ 2011ರಲ್ಲಿ ಟೆಕ್ಸಾಸ್ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿದೆ. ಟಿ.ವಿ.ಯಲ್ಲಿ ನೀವು ನೋಡುವುದು ಇಂಥವರನ್ನು. ನಿಮ್ಮ ಮಗಳ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ಮಾರ್ಮನ್ನನಿಗೆ ಇವರ ಹೆಸರೆತ್ತಿದರೆ ನಾಚಿಕೆಯಾಗುತ್ತದೆ.

ಅಂದಹಾಗೆ, ಸೌತ್ ಜೋರ್ಡನ್‌ನಲ್ಲಿ ಗಣೇಶನ ಗುಡಿ ಇದೆ. ಹಬ್ಬದ ದಿನ ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಸ್ಪ್ಯಾನಿಷ್ ಫೋರ್ಕ್‌ನಲ್ಲಿ ರಾಧಾಕೃಷ್ಣ ದೇವಸ್ಥಾನವೂ ಇದೆ. ಅದನ್ನು ಕಟ್ಟುವಾಗ ಮಾರ್ಮನ್ ಚರ್ಚು 25,000 ಡಾಲರ್ ದೇಣಿಗೆ ಕೊಟ್ಟಿತ್ತು. ಹೋಳಿಯ ದಿನ ಅಲ್ಲಿ ಬಣ್ಣ ಎರಚುವವರಲ್ಲಿ ಎಷ್ಟೋ ಜನ ಪಕ್ಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮಾರ್ಮನ್ ಹುಡುಗ ಹುಡುಗಿಯರೇ.

ಈ ಮತ ಯಾವಾಗ, ಹೇಗೆ ಹುಟ್ಟಿತು? ಚಿನ್ನದ ಹಾಳೆಗಳ ಕಥೆ ಏನು?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಜೋಸೆಫ್ ಸ್ಮಿತ್ 1805ರಲ್ಲಿ ವರ್ಮಾಂಟ್‌ನಲ್ಲಿ ಹುಟ್ಟಿದವನು. ಬಡ ರೈತರ ಮಗ. ಮನೆಯವರು ಬೆಳೆ ಕೈಕೊಟ್ಟು ನ್ಯೂಯಾರ್ಕ್ ರಾಜ್ಯದ ಪಾಮೈರಾ ಎಂಬ ಊರಿಗೆ ಬಂದರು. ಆಗ ಅಲ್ಲಿ ಧರ್ಮದ ಜ್ವರ ಏರಿದ್ದ ಕಾಲ. ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರು ಬಯಲಲ್ಲಿ ಡೇರೆ ಹಾಕಿ ಪೈಪೋಟಿಯಲ್ಲಿ ಉಪದೇಶ ಮಾಡುತ್ತಿದ್ದರು. ಯಾರ ಮಾತು ಸರಿ ಅಂತ ತಿಳಿಯದೆ ಹದಿನಾಲ್ಕರ ಹುಡುಗ 1820ರಲ್ಲಿ ಮನೆ ಹತ್ತಿರದ ತೋಪಿಗೆ ಹೋಗಿ ಪ್ರಾರ್ಥಿಸಿದ. ದೇವರೂ ಯೇಸುವೂ ಎರಡು ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡು, ಯಾವ ಪಂಗಡಕ್ಕೂ ಸೇರಬೇಡ ಅಂದರು ಎಂಬುದು ಅವನ ಮಾತು. ಮಾರ್ಮನ್ನರಿಗೆ ಎಲ್ಲವೂ ಶುರುವಾಗುವುದು ಈ ತೋಪಿನಿಂದ.

1823ರಲ್ಲಿ ಮೊರೊನೈ ಎಂಬ ದೇವದೂತ ಬಂದು, ಪಕ್ಕದ ಗುಡ್ಡದಲ್ಲಿ ಚಿನ್ನದ ಹಾಳೆಗಳ ಪುಸ್ತಕ ಹೂತಿದೆ ಎಂದು ತಿಳಿಸಿದನಂತೆ. 1827ರಲ್ಲಿ ಅದು ಕೈಗೆ ಬಂತು ಎನ್ನುತ್ತಾರೆ. ಅದರ ಭಾಷೆಯನ್ನು ಸ್ಮಿತ್ ‘ಸುಧಾರಿತ ಈಜಿಪ್ಷಿಯನ್’ ಎಂದು ಕರೆದ. ಒಂದು ಕಲ್ಲನ್ನು ಟೋಪಿಯೊಳಗಿಟ್ಟು, ಟೋಪಿಯಲ್ಲಿ ಮುಖ ಹುದುಗಿಸಿ, ಕಂಡದ್ದನ್ನು ಹೇಳುತ್ತಾ ಹೋದ. ಬರೆದುಕೊಂಡವರು ಎಮ್ಮಾ, ಮಾರ್ಟಿನ್ ಹ್ಯಾರಿಸ್, ಆಲಿವರ್ ಕೌಡರಿ. ಮೊದಲು ಬರೆದ 116 ಪುಟಗಳನ್ನು ಹ್ಯಾರಿಸ್ ಮನೆಯವರಿಗೆ ತೋರಿಸಲು ಒಯ್ದು ಕಳೆದುಬಿಟ್ಟ. ಅದೇ ಹ್ಯಾರಿಸ್ ಆಮೇಲೆ ತನ್ನ ಜಮೀನು ಅಡವಿಟ್ಟು ಮುದ್ರಣದ ಖರ್ಚು ಹೊತ್ತ. 1830ರ ಮಾರ್ಚ್‌ನಲ್ಲಿ ಪಾಮೈರಾದ ಅಚ್ಚುಕೂಟದಿಂದ ‘ಬುಕ್ ಆಫ್ ಮಾರ್ಮನ್’ 5,000 ಪ್ರತಿ ಹೊರಬಂತು. ಏಪ್ರಿಲ್ 6ರಂದು ಚರ್ಚು ಸ್ಥಾಪನೆಯಾಯಿತು.

ಪುಸ್ತಕದ ಕಥೆ ಇಷ್ಟು: ಕ್ರಿಸ್ತಪೂರ್ವ 600ರ ಸುಮಾರಿಗೆ ಜೆರುಸಲೇಮಿನಿಂದ ಲೀಹೈ ಎಂಬ ಪ್ರವಾದಿಯ ಕುಟುಂಬ ಹಡಗಿನಲ್ಲಿ ಅಮೆರಿಕ ಖಂಡಕ್ಕೆ ಬರುತ್ತದೆ. ಮಕ್ಕಳು ಎರಡು ಕುಲಗಳಾಗಿ ಒಡೆದು ಸಾವಿರ ವರ್ಷ ಕಾದಾಡುತ್ತಾರೆ. ನಡುವೆ, ಪುನರುತ್ಥಾನವಾದ ಯೇಸು ಅಲ್ಲಿಗೂ ಬಂದು ಉಪದೇಶ ಮಾಡುತ್ತಾನೆ. ಕೊನೆಗೆ ಒಂದು ಕುಲ ನಿರ್ನಾಮವಾಗುತ್ತದೆ. ಆ ಚರಿತ್ರೆಯನ್ನು ಹಾಳೆಗಳ ಮೇಲೆ ಕೆತ್ತಿ ಕೂಡಿಸಿದವನ ಹೆಸರು ಮಾರ್ಮನ್, ಹೂತಿಟ್ಟ ಮಗ ಮೊರೊನೈ.

ನೀವು ಇತಿಹಾಸದ ವಿದ್ಯಾರ್ಥಿ ಅಂತ ಬರೆದಿದ್ದೀರಿ. ಅದಕ್ಕೇ ನೇರವಾಗಿ ಹೇಳುತ್ತೇನೆ. ಈ ಕಥೆಗೆ ಅಮೆರಿಕದ ನೆಲದಲ್ಲಿ ಪುರಾತತ್ವದ ಆಧಾರ ಸಿಕ್ಕಿಲ್ಲ. ಪುಸ್ತಕದಲ್ಲಿ ಬರುವ ಕುದುರೆ, ಉಕ್ಕು, ಗೋಧಿ ಆ ಕಾಲದ ಅಮೆರಿಕದಲ್ಲಿ ಇದ್ದುದಕ್ಕೆ ಗುರುತಿಲ್ಲ. ಅಲ್ಲಿನ ಮೂಲನಿವಾಸಿಗಳ ಪೂರ್ವಜರು ಏಷ್ಯಾದಿಂದ ಬಂದವರೆಂದು ಡಿ.ಎನ್.ಎ. ಹೇಳುತ್ತದೆ. ಸ್ಮಿತ್ 1835ರಲ್ಲಿ ಈಜಿಪ್ಟಿನ ಪಪೈರಸ್ ಸುರುಳಿಗಳನ್ನು ಕೊಂಡು, ಅದರಿಂದ ಅಬ್ರಹಾಮನ ಗ್ರಂಥ ಅನುವಾದಿಸಿದೆ ಅಂದಿದ್ದ. ಆ ತುಣುಕುಗಳು 1960ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಿಕ್ಕವು. ಈಜಿಪ್ಟ್ ತಜ್ಞರು ಓದಿ ನೋಡಿದರೆ, ಶವಸಂಸ್ಕಾರದ ಸಾಮಾನ್ಯ ಮಂತ್ರಗಳು. ಭಕ್ತರು ಇದಕ್ಕೆ ತಮ್ಮದೇ ವಿವರಣೆ ಕೊಡುತ್ತಾರೆ. ನನಗೆ ಆ ವಿವರಣೆಗಳು ಒಪ್ಪಿಗೆಯಾಗಿಲ್ಲ. ಆದರೂ ಅದೇ ಪುಸ್ತಕ ಓದಿ ಕುಡಿತ ಬಿಟ್ಟವರನ್ನೂ, ಮಗು ಕಳೆದುಕೊಂಡು ಮತ್ತೆ ಎದ್ದು ನಿಂತವರನ್ನೂ ನನ್ನ ಬೀದಿಯಲ್ಲೇ ನೋಡಿದ್ದೇನೆ.

ನ್ಯೂಯಾರ್ಕಿನಲ್ಲಿ ಹುಟ್ಟಿದ ಮತ ಯೂಟಾದ ಮರುಭೂಮಿಗೆ ಯಾಕೆ ಹೋಯಿತು?
— ನಿವೃತ್ತ ಶಿಕ್ಷಕರು, ಗದಗ

ಓಡಿಸಿದರು, ಹೋದರು. ಒಂದು ಸಲ ಅಲ್ಲ, ಮತ್ತೆ ಮತ್ತೆ.

ಮೊದಲು ಓಹಾಯೊದ ಕರ್ಟ್‌ಲೆಂಡ್. ಆಮೇಲೆ ಮಿಸೌರಿ. ಅಲ್ಲಿ ಇವರು ಗುಂಪಾಗಿ ಬಂದು ಜಮೀನು ಕೊಂಡರು, ಗುಂಪಾಗಿ ಓಟು ಹಾಕಿದರು, ಈ ನೆಲ ದೇವರು ನಮಗೆ ಕೊಟ್ಟದ್ದು ಅಂದರು. ಹಳಬರಿಗೆ ಸಿಟ್ಟು ಬಂತು. ಎರಡೂ ಕಡೆ ಬಂದೂಕು ಹೊರಬಂತು. 1838ರ ಅಕ್ಟೋಬರ್ 27ರಂದು ಗವರ್ನರ್ ಲಿಲ್‌ಬರ್ನ್ ಬಾಗ್ಸ್, ಮಾರ್ಮನ್ನರನ್ನು ನಿರ್ಮೂಲ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಎಂದು ಆಜ್ಞೆ ಹೊರಡಿಸಿದ. ಮೂರೇ ದಿನಕ್ಕೆ ಹಾನ್ಸ್ ಮಿಲ್ ಎಂಬ ಹಳ್ಳಿಯಲ್ಲಿ 17 ಜನರನ್ನು ಕೊಂದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ಆಜ್ಞೆಯನ್ನು ಮಿಸೌರಿ ಅಧಿಕೃತವಾಗಿ ರದ್ದು ಮಾಡಿದ್ದು 1976ರಲ್ಲಿ!

ಅಲ್ಲಿಂದ ಇಲಿನಾಯ್ಸ್‌ಗೆ ಬಂದು, ಮಿಸಿಸಿಪ್ಪಿ ದಂಡೆಯ ಜೌಗು ನೆಲದಲ್ಲಿ ‘ನಾವೂ’ (Nauvoo) ಎಂಬ ಹೆಸರಿನ ಪಟ್ಟಣ ಕಟ್ಟಿದರು. 1844ರಲ್ಲಿ, ಸ್ಮಿತ್‌ನ ಬಹುಪತ್ನಿತ್ವವನ್ನು ಬಯಲಿಗೆಳೆದ ಪತ್ರಿಕೆಯ ಮುದ್ರಣಯಂತ್ರವನ್ನು ಅವನದೇ ಆದೇಶದಂತೆ ಪುಡಿ ಮಾಡಿದರು. ಅದೇ ನೆಪವಾಗಿ ಅವನು ಜೈಲು ಸೇರಿದ. ಜೂನ್ 27ರಂದು ಗುಂಪೊಂದು ಕಾರ್ಥೇಜ್ ಜೈಲಿಗೆ ನುಗ್ಗಿ ಅವನನ್ನೂ ಅಣ್ಣ ಹೈರಮ್‌ನನ್ನೂ ಗುಂಡಿಟ್ಟು ಕೊಂದಿತು. ಸ್ಮಿತ್‌ಗೆ ಆಗ 38 ವರ್ಷ.

ನಂತರದ ನಾಯಕ ಬ್ರಿಗಮ್ ಯಂಗ್. 1846ರ ಫೆಬ್ರವರಿಯ ಚಳಿಯಲ್ಲಿ ನದಿ ದಾಟಿ ಹೊರಟರು. ದಾರಿಯ ಶಿಬಿರಗಳಲ್ಲಿ ನೂರಾರು ಜನ ಜ್ವರದಿಂದ, ಹಸಿವಿನಿಂದ ಸತ್ತರು. ಸುಮಾರು 2,000 ಕಿಲೋಮೀಟರ್ ದಾಟಿ ಮುಂದಿನ ತಂಡ 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿತು. ಆಗ ಅದು ಮೆಕ್ಸಿಕೋ ದೇಶದ ನೆಲ. ಯೂಟ್, ಶೋಶೋನಿ ಜನರ ತಾಯ್ನೆಲವೂ ಹೌದು. ಇವರು ನೆಲೆಯೂರಿದಷ್ಟೂ ಆ ಜನ ನೆಲೆ ಕಳೆದುಕೊಂಡರು. ಇದನ್ನು ಬಿಟ್ಟು ಕಥೆ ಹೇಳಿದರೆ ಅರ್ಧ ಹೇಳಿದಂತೆ.

ಬಂದವರು ಮೊದಲು ಮಾಡಿದ್ದು ತೊರೆಯ ನೀರನ್ನು ಹೊಲಕ್ಕೆ ತಿರುಗಿಸಿ ಆಲೂಗಡ್ಡೆ ನೆಟ್ಟದ್ದು. ಎತ್ತಿನ ಬಂಡಿ ಹಿಂದೆ ತಿರುಗಲು ಜಾಗ ಇರಲಿ ಅಂತ ಬೀದಿಗಳನ್ನು 132 ಅಡಿ ಅಗಲ ಬಿಟ್ಟರು. ಇವತ್ತಿಗೂ ಆ ಊರಿನ ವಿಳಾಸಗಳು ದೇವಾಲಯದ ಚೌಕದಿಂದ ಎಷ್ಟು ದಕ್ಷಿಣಕ್ಕೆ, ಎಷ್ಟು ಪೂರ್ವಕ್ಕೆ ಎಂಬ ಲೆಕ್ಕದಲ್ಲೇ ಇವೆ. ನಿಮ್ಮ ಮಕ್ಕಳಿಗೆ ಅಲ್ಲಿ ದಾರಿ ತಪ್ಪುವುದು ಕಷ್ಟ.

ನನ್ನ ಎದೆ ಹಿಂಡಿದ್ದು ಕೈಗಾಡಿಯವರ ಕಥೆ. ಎತ್ತು, ಬಂಡಿ ಕೊಳ್ಳಲು ದುಡ್ಡಿಲ್ಲದ ಇಂಗ್ಲೆಂಡ್, ಡೆನ್ಮಾರ್ಕ್‌ನ ಬಡವರು ಎರಡು ಚಕ್ರದ ಮರದ ಗಾಡಿಗೆ ಪಾತ್ರೆ, ಹಿಟ್ಟು, ಕೂಸು ಹೇರಿಕೊಂಡು ತಾವೇ ಎಳೆದರು. 1856ರಲ್ಲಿ ವಿಲ್ಲಿ ಮತ್ತು ಮಾರ್ಟಿನ್ ಎಂಬುವರ ಎರಡು ತಂಡಗಳು ತಡವಾಗಿ ಹೊರಟವು. ಗಾಡಿಗಳನ್ನು ಹಸಿ ಮರದಿಂದ ಮಾಡಿದ್ದರು, ಒಣಗಿದಂತೆ ಸೀಳು ಬಿಟ್ಟವು. ಅಕ್ಟೋಬರ್‌ನಲ್ಲಿ ವಯೋಮಿಂಗ್‌ನ ಹಿಮ ಹಿಡಿಯಿತು. ಸುಮಾರು ಸಾವಿರ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸುದ್ದಿ ತಲುಪಿದ ಮರುದಿನವೇ ಯಂಗ್ ಚರ್ಚಿನ ಸಭೆಯಲ್ಲಿ ಹಿಟ್ಟು, ಕಂಬಳಿ, ಹೇಸರಗತ್ತೆ ಕೊಡಿ ಅಂತ ಕೇಳಿ ಬಂಡಿಗಳನ್ನು ಕಳಿಸಿದ. ಅಷ್ಟು ತಡವಾಗಿ ಅವರನ್ನು ಹೊರಡಿಸಿದ್ದೇ ತಪ್ಪು ಎಂದು ನಾನು ಓದಿದ ಮಟ್ಟಿಗೆ ಅನ್ನಿಸುತ್ತದೆ. ಆದರೆ ಬದುಕಿ ಬಂದವರ ಮೊಮ್ಮಕ್ಕಳ ಮಕ್ಕಳು ಅದಕ್ಕಾಗಿ ಯಾರನ್ನೂ ದೂರುವುದನ್ನು ನಾನು ಕೇಳಿಲ್ಲ.

1847ರಲ್ಲಿ ಯಂಗ್ ಆ ಕಣಿವೆಗೆ ಬಂದ ದಿನವಾದ ಜುಲೈ 24 ಯೂಟಾದಲ್ಲಿ ಸರ್ಕಾರಿ ರಜೆ. ಮೆರವಣಿಗೆ ನೋಡಲು ಹಿಂದಿನ ರಾತ್ರಿಯೇ ಜನ ಬೀದಿ ಬದಿಯಲ್ಲಿ ಚಾಪೆ, ಹಾಸಿಗೆ ಹಾಸಿ ಮಲಗುತ್ತಾರೆ.

ಇವರು ಕ್ರೈಸ್ತರೇ ಅಲ್ಲವೇ? ನಮ್ಮ ಊರಿನ ಪಾದ್ರಿಗಳು ಅಲ್ಲ ಎನ್ನುತ್ತಾರೆ.
— ಓದುಗರು, ಮಂಗಳೂರು

ಮಾರ್ಮನ್ನರನ್ನು ಕೇಳಿದರೆ ಹೌದು ಎನ್ನುತ್ತಾರೆ, ಆ ಪ್ರಶ್ನೆಗೆ ನೊಂದುಕೊಳ್ಳುತ್ತಾರೆ ಕೂಡ. ‘ಮಾರ್ಮನ್’ ಅನ್ನಬೇಡಿ, ಯೇಸುವಿನ ಹೆಸರಿರುವ ಚರ್ಚಿನ ಪೂರ್ತಿ ಹೆಸರೇ ಹೇಳಿ ಎಂದು 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡಿದ್ದರು. ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್. ನಮ್ಮ ಓದುಗರಿಗೆ ತಿಳಿಯಲಿ ಅಂತಷ್ಟೇ ಇಲ್ಲಿ ಹಳೆ ಹೆಸರು ಬಳಸಿದ್ದೇನೆ.

ನಿಮ್ಮ ಪಾದ್ರಿಗಳ ಮಾತಿಗೂ ಕಾರಣ ಇದೆ. ಮಾರ್ಮನ್ನರ ದೀಕ್ಷಾಸ್ನಾನವನ್ನು ವ್ಯಾಟಿಕನ್ 2001ರಲ್ಲಿ ಮಾನ್ಯವಲ್ಲ ಎಂದಿತು. ವ್ಯತ್ಯಾಸ ಸಣ್ಣದಲ್ಲ. ತಂದೆ, ಮಗ, ಪವಿತ್ರಾತ್ಮ ಒಂದೇ ತತ್ವ ಎನ್ನುವುದು ಉಳಿದ ಚರ್ಚುಗಳ ನಂಬಿಕೆ. ಇವರಿಗೆ ಮೂವರೂ ಬೇರೆ ಬೇರೆ, ಉದ್ದೇಶ ಮಾತ್ರ ಒಂದು. ತಂದೆಯಾದ ದೇವರಿಗೂ ಮಾಂಸ, ಮೂಳೆಯ ದೇಹ ಇದೆ. ಸ್ವರ್ಗದಲ್ಲಿ ತಾಯಿಯೂ ಇದ್ದಾಳೆ. ನಾವೆಲ್ಲ ಹುಟ್ಟುವ ಮೊದಲೇ ಅವರ ಮಕ್ಕಳಾಗಿ ಬದುಕಿದ್ದೆವು, ಇಲ್ಲಿಗೆ ಬರುವಾಗ ಅದೆಲ್ಲ ಮರೆತುಹೋಯಿತು. ಸತ್ತ ಮೇಲೆ ಸ್ವರ್ಗ ಒಂದಲ್ಲ, ಮೂರು ಹಂತ. ತೀರಾ ಕೆಲವರನ್ನು ಬಿಟ್ಟರೆ ಎಲ್ಲರಿಗೂ ಯಾವುದಾದರೂ ಹಂತದಲ್ಲಿ ಜಾಗ ಇದೆ. ದೇವಾಲಯದಲ್ಲಿ ಆದ ಮದುವೆ ಸಾವಿನಾಚೆಗೂ ಉಳಿಯುತ್ತದೆ. ಮನುಷ್ಯ ಬೆಳೆಯುತ್ತಾ ದೇವರಂತೆ ಆಗಬಹುದು ಎಂಬ ಮಾತೂ ಇದೆ, ಉಳಿದ ಕ್ರೈಸ್ತರು ಅತಿ ಹೆಚ್ಚು ಸಿಡಿಮಿಡಿಗೊಳ್ಳುವುದು ಇದಕ್ಕೇ.

ಬೈಬಲ್ ಜೊತೆ ಇನ್ನೂ ಮೂರು ಗ್ರಂಥಗಳಿವೆ. ದೇವರು ಈಗಲೂ ಪ್ರವಾದಿಯೊಂದಿಗೆ ಮಾತಾಡುತ್ತಾನೆ ಎಂದು ನಂಬುತ್ತಾರೆ. ಚರ್ಚಿನ ಅಧ್ಯಕ್ಷನೇ ಆ ಪ್ರವಾದಿ. 2025ರ ಅಕ್ಟೋಬರ್‌ನಿಂದ ಆ ಸ್ಥಾನದಲ್ಲಿರುವುದು ಡ್ಯಾಲಿನ್ ಓಕ್ಸ್, ಹಿಂದೆ ಯೂಟಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಲೋಕದಲ್ಲಿ ಸದಸ್ಯರು 1 ಕೋಟಿ 70 ಲಕ್ಷಕ್ಕಿಂತ ಜಾಸ್ತಿ.

ಬೆಂಗಳೂರಿನಲ್ಲಿ ಬಿಳಿ ಅಂಗಿ, ಟೈ ಕಟ್ಟಿದ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಕಾಫಿ ಕೊಟ್ಟರೆ ಬೇಡ ಅಂದರು. ಬೇಜಾರಾಯಿತು.
— ಗೃಹಿಣಿ, ಬೆಂಗಳೂರು

ಬೇಜಾರು ಬೇಡ, ಅದು ಅವರ ವ್ರತ. ಹೊಗೆಸೊಪ್ಪು, ಹೆಂಡ, ‘ಬಿಸಿ ಪಾನೀಯ’ ಬೇಡ ಎಂದು ಸ್ಮಿತ್ 1833ರಲ್ಲಿ ಹೇಳಿದ. ಬಿಸಿ ಪಾನೀಯ ಎಂದರೆ ಕಾಫಿ, ಟೀ ಎಂದು ತೀರ್ಮಾನವಾಯಿತು. ಬಿಸಿ ಚಾಕೊಲೇಟ್ ನಡೆಯುತ್ತದೆ. ಕೋಲಾ ಕೂಡ ನಡೆಯುತ್ತದೆ. ಯೂಟಾದಲ್ಲಿ ಸೋಡಾಕ್ಕೆ ಕೆನೆ, ತೆಂಗಿನ ಪಾಕ ಬೆರೆಸಿ ಮಾರುವ ಅಂಗಡಿಗಳ ಮುಂದೆ ಕಾರುಗಳ ಸಾಲು ನಿಲ್ಲುತ್ತದೆ. ನಮ್ಮ ಮನೆಗೆ ಬರುತ್ತಿದ್ದವರಿಗೆ ನಾನು ಬಾದಾಮಿ ಹಾಲು, ಚಳಿಗಾಲದಲ್ಲಿ ಶುಂಠಿ ಜೀರಿಗೆ ಕಷಾಯ ಕೊಡುತ್ತಿದ್ದೆ. ಖುಷಿಯಾಗಿ ಕುಡಿಯುತ್ತಿದ್ದರು. ನೀವೂ ಮುಂದಿನ ಸಲ ಮಜ್ಜಿಗೆ ಕೊಡಿ.

ಆ ಹುಡುಗರು ಎರಡು ವರ್ಷದ ಪ್ರಚಾರ ಸೇವೆಗೆ ಬಂದವರು. ಹುಡುಗಿಯರಾದರೆ ಒಂದೂವರೆ ವರ್ಷ. ಯಾವ ದೇಶ ಅಂತ ಆಯ್ಕೆ ಮಾಡುವಂತಿಲ್ಲ, ಖರ್ಚು ಅವರದೇ ಅಥವಾ ಮನೆಯವರದು, ಸಂಬಳ ಇಲ್ಲ. 2019ರವರೆಗೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶ ಇತ್ತು, ಈಗ ವಾರಕ್ಕೊಮ್ಮೆ. ಬೆಂಗಳೂರಿನಲ್ಲಿ ಅವರ ಮಿಷನ್ 1993ರಿಂದ ಇದೆ. ಮತಕ್ಕೆ ಸೇರುವ ಮನಸ್ಸಿಲ್ಲ ಅಂತ ನೇರವಾಗಿ, ಮೃದುವಾಗಿ ಹೇಳಿ. ನಾನು ಹಾಗೇ ಹೇಳಿದ್ದೆ. ಆಮೇಲೂ ಅವರು ಬಂದು ನಮ್ಮ ಅಂಗಳದ ಹಿಮ ಗುಡಿಸಿ ಹೋಗುತ್ತಿದ್ದರು.

ಸತ್ತವರಿಗೆಲ್ಲ ದೀಕ್ಷೆ ಕೊಡುತ್ತಾರೆ ಅಂತ ಕೇಳಿದೆ. ನಮ್ಮ ಹಿರಿಯರ ಹೆಸರೂ ಹೋಗಿಬಿಟ್ಟರೆ?
— ಓದುಗರು, ಧಾರವಾಡ

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಯೇಸುವಿನ ಮಾತು ಕೇಳದೆ ಸತ್ತವರಿಗೆ ಅನ್ಯಾಯ ಆಗಬಾರದು ಎಂಬುದು ಇವರ ನಂಬಿಕೆ. ಅದಕ್ಕೆ ಬದುಕಿರುವವರು ದೇವಾಲಯದಲ್ಲಿ ಸತ್ತವರ ಹೆಸರಿನಲ್ಲಿ ತಾವು ನೀರಲ್ಲಿ ಮುಳುಗಿ ದೀಕ್ಷೆ ತೆಗೆದುಕೊಳ್ಳುತ್ತಾರೆ. ಸತ್ತವನ ಆತ್ಮ ಬೇಕಾದರೆ ಒಪ್ಪಬಹುದು, ಬೇಡವಾದರೆ ಬಿಡಬಹುದು. ಇದಕ್ಕಾಗಿಯೇ ಅವರು ವಂಶಾವಳಿ ಹುಡುಕುವುದು.

ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಏಳು ತಲೆಮಾರು ಹಾಡಿ ಹೋಗುತ್ತಿದ್ದರಲ್ಲ, ಹಾಗೆ ಇವರು ಇಡೀ ಲೋಕದ ಮನೆತನಗಳ ದಾಖಲೆ ಕೂಡಿಡುತ್ತಿದ್ದಾರೆ. ಸಾಲ್ಟ್ ಲೇಕ್ ಹತ್ತಿರದ ಬಂಡೆಗಲ್ಲಿನ ಬೆಟ್ಟ ಕೊರೆದು, ಒಳಗೆ ಮೈಕ್ರೊಫಿಲ್ಮ್ ಸುರುಳಿಗಳನ್ನು ಇಟ್ಟಿದ್ದಾರೆ. ಹರಿದ್ವಾರದ ಪಂಡರ (ತೀರ್ಥಕ್ಷೇತ್ರದ ಪುರೋಹಿತರ) ವಂಶಾವಳಿ ಪುಸ್ತಕಗಳನ್ನೂ ಫಿಲ್ಮ್ ಮಾಡಿಕೊಂಡಿದ್ದಾರೆ. ನಗರದ ಮಧ್ಯದ ಗ್ರಂಥಾಲಯಕ್ಕೆ ಯಾರು ಬೇಕಾದರೂ ಹೋಗಬಹುದು, ಶುಲ್ಕ ಇಲ್ಲ. ಫ್ಯಾಮಿಲಿಸರ್ಚ್ ಎಂಬ ಜಾಲತಾಣವೂ ಉಚಿತ.

ನಿಮ್ಮ ಆತಂಕ ಸುಮ್ನೆ ಅಲ್ಲ. ನಾಜಿಗಳು ಕೊಂದ ಯಹೂದಿಗಳ ಹೆಸರಿನಲ್ಲೂ ಹೀಗೆ ದೀಕ್ಷೆ ನಡೆದಾಗ ಯಹೂದಿ ಸಂಘಟನೆಗಳು ಪ್ರತಿಭಟಿಸಿದವು. 1995ರಲ್ಲಿ ಚರ್ಚು ನಿಲ್ಲಿಸಲು ಒಪ್ಪಿತು. ಆಮೇಲೂ ಅಂಥ ಹೆಸರುಗಳು ಕಂಡುಬಂದು ಮತ್ತೆ ಗದ್ದಲ ಆಯಿತು. ಸ್ವಂತ ವಂಶದವರ ಹೆಸರು ಮಾತ್ರ ಕೊಡಬೇಕು ಎಂಬುದು ಈಗಿನ ನಿಯಮ. ಸತ್ತವರನ್ನು ಕೇಳದೆ ಅವರ ಹೆಸರಿನಲ್ಲಿ ದೀಕ್ಷೆ ನಡೆಸುವುದು ನನಗೆ ಸರಿ ಕಾಣುವುದಿಲ್ಲ. ಇದನ್ನು ನನ್ನ ಮಾರ್ಮನ್ ಗೆಳತಿಗೂ ಹೇಳಿದ್ದೇನೆ. ಅವಳು ಮುಖ ತಿರುಗಿಸದೆ ಪೂರ್ತಿ ಕೇಳಿಸಿಕೊಂಡಳು.

ನೀವು ಅವರನ್ನು ಹೊಗಳುತ್ತೀರಿ. ಕಪ್ಪು ಜನರನ್ನು ದೂರ ಇಟ್ಟಿದ್ದವರು ಇವರೇ ಅಲ್ವಾ?
— ಓದುಗರು, ಕೋಲಾರ

ಹೌದು, ಇವರೇ. ಸ್ಮಿತ್‌ನ ಕಾಲದಲ್ಲಿ ಎಲೈಜಾ ಏಬಲ್ ಎಂಬ ಕಪ್ಪು ಮನುಷ್ಯನಿಗೆ ಪೌರೋಹಿತ್ಯ ಕೊಟ್ಟಿದ್ದರು. ಆದರೆ 1852ರಲ್ಲಿ ಬ್ರಿಗಮ್ ಯಂಗ್ ಕಪ್ಪು ಗಂಡಸರಿಗೆ ಅದನ್ನು ನಿಷೇಧಿಸಿದ. ದೇವಾಲಯದ ಮುಖ್ಯ ವಿಧಿಗಳಿಂದ ಹೆಂಗಸರನ್ನೂ ಗಂಡಸರನ್ನೂ ಹೊರಗಿಟ್ಟರು. ಇದು 1978ರ ಜೂನ್‌ವರೆಗೆ ನಡೆಯಿತು. ಒಂದೂಕಾಲು ಶತಮಾನ! ಚರ್ಮದ ಬಣ್ಣ ಶಾಪದ ಗುರುತು ಎಂಬಂಥ ಹಳೆಯ ಸಮರ್ಥನೆಗಳನ್ನು ಚರ್ಚು ಈಗ ಅಲ್ಲಗಳೆದಿದೆ. ಆದರೆ ನಿಷೇಧಕ್ಕೆ ನೇರವಾಗಿ ಕ್ಷಮೆ ಕೇಳಿಲ್ಲ. ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದನ್ನೂ ಸೇರಿಸುತ್ತೇನೆ. 1857ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಯೂಟಾದ ಮೌಂಟನ್ ಮೆಡೋಸ್‌ನಲ್ಲಿ, ಅರ್ಕಾನ್ಸಾದಿಂದ ಕ್ಯಾಲಿಫೋರ್ನಿಯಾಗೆ ಹೊರಟಿದ್ದ ಬಂಡಿಗಳ ತಂಡವನ್ನು ಸ್ಥಳೀಯ ಮಾರ್ಮನ್ ಪಡೆ ಸುತ್ತುವರಿಯಿತು. 11ರಂದು ಬಿಳಿ ಬಾವುಟ ತೋರಿಸಿ, ರಕ್ಷಣೆ ಕೊಡುತ್ತೇವೆ ಅಂತ ಹೊರಗೆ ಕರೆದು ಸುಮಾರು 120 ಜನರನ್ನು ಕೊಂದರು. ಉಳಿದದ್ದು 17 ಎಳೆ ಮಕ್ಕಳು. ತಪ್ಪನ್ನು ಪೈಯೂಟ್ ಬುಡಕಟ್ಟಿನವರ ಮೇಲೆ ಹೊರಿಸಲು ನೋಡಿದರು. ಶಿಕ್ಷೆಯಾದದ್ದು ಜಾನ್ ಲೀ ಒಬ್ಬನಿಗೆ, 1877ರಲ್ಲಿ, ಅದೇ ಜಾಗದಲ್ಲಿ ಗುಂಡಿಕ್ಕಿ. ಹಾನ್ಸ್ ಮಿಲ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ಸಮುದಾಯವೇ ಹತ್ತೊಂಬತ್ತು ವರ್ಷದಲ್ಲಿ ಇದನ್ನು ಮಾಡಿತು. ಆ ಜಾಗಕ್ಕೆ ನಾನು ಹೋಗಿದ್ದೆ. ಜೊತೆಗೆ ಬಂದಿದ್ದ ನನ್ನ ಗೆಳತಿ ಅಳುತ್ತಾ ಅಲ್ಲಿನ ಹೆಸರುಗಳನ್ನು ಒಂದೊಂದಾಗಿ ಓದಿದಳು. ಅವಳು ಹುಟ್ಟು ಮಾರ್ಮನ್. ಅವಳಿಗೆ ಅವಳ ಚರ್ಚಿನ ಮೇಲಿರುವ ಪ್ರೀತಿಯನ್ನೂ ಆ ಅಳುವನ್ನೂ ನಾನು ಎರಡನ್ನೂ ನಿಜ ಎಂದೇ ತಿಳಿದಿದ್ದೇನೆ.

ಅವರ ದೇವಾಲಯದೊಳಗೆ ನಮ್ಮಂಥವರು ಹೋಗಬಹುದೇ?
— ಓದುಗರು, ಮೈಸೂರು

ಭಾನುವಾರದ ಪ್ರಾರ್ಥನಾ ಮಂದಿರಕ್ಕೆ ಯಾರು ಬೇಕಾದರೂ ಹೋಗಬಹುದು. ದೇವಾಲಯ ಬೇರೆ. ಅದಕ್ಕೆ ಚರ್ಚಿನ ಹಿರಿಯರು ವಿಚಾರಿಸಿ ಕೊಟ್ಟ ಚೀಟಿ ಇರುವ ಸದಸ್ಯರಿಗೆ ಮಾತ್ರ ಪ್ರವೇಶ. ಆದರೆ ಪ್ರತಿಷ್ಠಾಪನೆಗೆ ಮೊದಲು ಕೆಲವು ವಾರ ಎಲ್ಲರಿಗೂ ಬಾಗಿಲು ತೆರೆದಿಡುವುದು ಅವರ ಪದ್ಧತಿ. ಭಾರತದ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ ಮಾಡಿದರು. 1853ರಿಂದ 40 ವರ್ಷ ಹಿಡಿದು ಕಟ್ಟಿದ ಸಾಲ್ಟ್ ಲೇಕ್ ದೇವಾಲಯವನ್ನು ಭೂಕಂಪಕ್ಕೆ ತಡೆಯುವಂತೆ ಬಲಪಡಿಸಲು 2019ರ ಕೊನೆಯಲ್ಲಿ ಮುಚ್ಚಿದ್ದರು. 2027ರಲ್ಲಿ ಅದನ್ನೂ ಸಾರ್ವಜನಿಕರಿಗೆ ತೋರಿಸುವುದಾಗಿ ಹೇಳಿದ್ದಾರೆ. ಆ ವರ್ಷ ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗುವವರಿದ್ದರೆ ಮೊದಲೇ ವಿಚಾರಿಸಿಕೊಂಡು ಹೊರಡಿ.